ಕಾಚವೂ ಕ್ಷಾರವೂ

ಅಮರಸಿಂಹನು ತನ್ನ ಕೋಶದ ವೈಶ್ಯವರ್ಗದಲ್ಲಿ ಕ್ಷಾರ, ಕಾಚ ಎಂಬ ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿರುವನು. ಮರಳಿನೊಡನೆ ಕ್ಷಾರವನ್ನು ಬೆರಸಿ ಕರಗಿಸಿದರೆ ಗಾಜಾಗುವುದರಿಂದ ಈ ಹೆಸರು ಅನ್ವರ್ಥವೇ ಸರಿ. ಆದರೆ ಗಾಜಿನ ಹುಟ್ಟಿಗೆ ಕಾರಣವಾದ ಕ್ಷಾರವೇ ಅದರ ಕ್ಷಯಕ್ಕೂ ಮೊದಲ ದಾರಿಯಾಗಿದೆ. ನೀರು ಸೋಂಕಿದರೆ ಮೊದಲು ಕ್ಷಾರಾಂಶವು ಹೊರಬೀಳುವುದು. ಬಳಿಕ ಸಿಲಿಕದ ಬಂಧಗಳು ಸಡಿಲಗೊಳ್ಳುವುವು. ಕಡೆಗೆ ಲೋಳೆಯಂತಹ ಪೊರೆಯೊಂದು ಕಟ್ಟಿ ಮುಂದಣ ಸವೆತವನ್ನು ಬಹುಮಟ್ಟಿಗೆ ಕುಗ್ಗಿಸುವುದು.

ಈ ವಿಚಾರವು ಇಂದು ಪುರಾತತ್ತ್ವಜ್ಞರಿಗೆ ಮಾತ್ರ ಸೇರಿದುದಲ್ಲ. ಪರಮಾಣು ಇಂಧನದ ಸಂಸ್ಕರಣದಲ್ಲಿ ಉಳಿಯುವ ಉಗ್ರವಿಕಿರಣದ ಕಶ್ಮಲವನ್ನು ನಮ್ಮ ದೇಶದಲ್ಲಿಯೂ, ತಾರಾಪುರವೇ ಮೊದಲಾದ ಕಡೆಗಳಲ್ಲಿ, ಬೋರೋಸಿಲಿಕೇಟ್ ಗಾಜಿನೊಳಗೆ ಕರಗಿಸಿ ಉಕ್ಕಿನ ಪಾತ್ರೆಗಳಲ್ಲಿ ಇಡುವರು. ಅದರಲ್ಲಿನ ಸೀಸಿಯಂ-೧೩೭ ಸುಮಾರು ೩೦ ವರ್ಷಗಳಿಗೆ ಅರ್ಧವಾಗುವುದು. ಲೇಶಮಾತ್ರ ಉಳಿದ ಪ್ಲುಟೋನಿಯಂ-೨೩೯ಕ್ಕಾದರೋ ೨೪,೦೦೦ಕ್ಕೂ ಮಿಕ್ಕ ವರ್ಷಗಳು ಬೇಕು.

ಇಷ್ಟು ಕಾಲ ಯಾವ ಪ್ರಯೋಗಶಾಲೆಯೂ ಕಾದಿರಲಾರದು. ಆದಕಾರಣ ವಿದ್ವಾಂಸರು ಹಳೆಯ ಗಾಜನ್ನು ಸಾಕ್ಷಿಗೆ ಕರೆಯುವರು. ಫ್ರಾನ್ಸಿನ ಎಂಬಿಯೇ ದ್ವೀಪದ ಬಳಿ ಮುಳುಗಿದ ರೋಮನ್ ನಾವೆಯ ಗಾಜು ಸುಮಾರು ೧,೮೦೦ ವರ್ಷ ಕಡಲಲ್ಲಿದ್ದು ಹೀಗೆ ಪರೀಕ್ಷಿತವಾಗಿದೆ. ನಮ್ಮ ಮಸ್ಕಿಯಲ್ಲಿಯೂ ೧೯೫೪ರ ಉತ್ಖನನದಲ್ಲಿ ಗಾಜಿನ ಮಣಿಗಳು ದೊರೆತಿವೆ. ಆದರೆ ಅಳಿದ ಗಾಜು ಸಾಕ್ಷಿ ನುಡಿಯಲಾರದು. ಉಳಿದುದು ಮಾತ್ರ ನುಡಿಯುವುದು. ಹಳೆಯ ಗಾಜಿನ ಘಟಕಗಳೂ ಬೇರೆ. ಆದುದರಿಂದ ಅದರ ಆಯುಷ್ಯವನ್ನಲ್ಲ, ಸವೆತದ ಕ್ರಮವನ್ನು ಗ್ರಹಿಸುವುದು ಯುಕ್ತ.

ಬುಕ್ಕಸಾಗರದ ಹೆಸರಿನಲ್ಲಿ ಉಳಿದಿರುವ ಬುಕ್ಕನಿಗೂ ನಮಗೂ ನಡುವೆ ೭೦೦ ವರ್ಷಗಳಿಲ್ಲ. ಅಷ್ಟರೊಳಗೇ, ೧೫೬೫ರಲ್ಲಿ, ರಾಜಧಾನಿ ಹಾಳಾಯಿತು. ಆ ಕಾಲದ ಶಾಸನಗಳನ್ನು ಓದಬಲ್ಲವರು ಇಂದು ವಿರಳ. ಕಾವಲಿನ ನೆನಪು ಗಾಜಿಗಿಂತ ಬೇಗ ಸವೆಯುವುದು. ನೀರು ಸೇರದ ನೆಲವನ್ನು ಆರಿಸುವುದರಷ್ಟೇ ಎಚ್ಚರವು ಈ ವಿಷಯದಲ್ಲಿಯೂ ಅಗತ್ಯವೆಂದು ಚರಿತ್ರೆಯು ತಿಳಿಸುತ್ತದೆ.