ಹಣ ಬಂತಾ, ಇನ್ನೂ ಬರಬೇಕಾ? ಮೆಸೇಜ್ ಇಂಗ್ಲಿಷ್‌ನಲ್ಲಿ ಕಾಲ ಗುರುತಿಸೋದು ಹೀಗೆ

ಮೊಬೈಲ್‌ಗೆ ಬರುವ ಬ್ಯಾಂಕ್ ಮೆಸೇಜ್‌ಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ. 'ಕ್ರೆಡಿಟೆಡ್' ಅಂದರೆ ಜಮಾ, 'ಡೆಬಿಟೆಡ್' ಅಂದರೆ ಕಟ್ ಅನ್ನೋದು ಅಂಗಡಿಯವರಿಗೆ ಗೊತ್ತು. ಆದರೆ ಅದು ಆಗಿದೆಯೋ, ಮುಂದೆ ಆಗುತ್ತೋ ಎಂದು ಹೇಳುವುದು ಅದರ ಹಿಂದಿನ ಪದ.

ಕೊನೆಗೆ 'ಎಡ್' ಬಂದರೆ ಭೂತಕಾಲ ಎಂದು ಶಾಲೆಯಲ್ಲಿ ಕಲಿತವರು ಎಡವುವುದು ಇಲ್ಲೇ. ಈ ರೂಪ ಮೂರೂ ಕಾಲದಲ್ಲಿ ಬರುತ್ತೆ, ಬದಲಾಗುವುದು ಸಹಾಯಕ ಪದ ಮಾತ್ರ.

* ಹ್ಯಾಸ್ ಬೀನ್ ಕ್ರೆಡಿಟೆಡ್: ಜಮಾ ಆಗಿದೆ
* ವಾಸ್ ಕ್ರೆಡಿಟೆಡ್: ಜಮಾ ಆಯಿತು
* ಈಸ್ ಬೀಯಿಂಗ್ ಪ್ರೊಸೆಸ್ಡ್: ಕೆಲಸ ನಡೀತಾ ಇದೆ, ಮುಗಿದಿಲ್ಲ
* ವಿಲ್ ಬಿ ಕ್ರೆಡಿಟೆಡ್: ಮುಂದೆ ಜಮಾ ಆಗುತ್ತೆ

ನಡುವೆ 'ನಾಟ್' ಇದ್ದರೆ ಅರ್ಥವೇ ಉಲ್ಟಾ. 'ಹ್ಯಾಸ್ ನಾಟ್ ಬೀನ್ ಕ್ರೆಡಿಟೆಡ್' ಅಂದರೆ ಜಮಾ ಆಗಿಲ್ಲ. ಕೆಲವು ಕ್ರಿಯಾಪದಗಳು 'ಎಡ್' ತಗೊಳ್ಳಲ್ಲ, ರೂಪವೇ ಬದಲಾಗುತ್ತೆ: ಪೇ ಹೋಗಿ ಪೇಡ್, ಸೆಂಡ್ ಹೋಗಿ ಸೆಂಟ್.

ಸಾಲದ ಕಂತಿನ ಮೆಸೇಜ್‌ನಲ್ಲಿ 'ವಿಲ್ ಬಿ ಡೆಬಿಟೆಡ್' ಎಂದಿದ್ದರೆ ಕಂತು ಇನ್ನೂ ಕಟ್ ಆಗಿಲ್ಲ ಎಂದರ್ಥ. ಹೇಳಿದ ತಾರೀಕಿಗೆ ಖಾತೆಯಲ್ಲಿ ದುಡ್ಡು ಇರಬೇಕು. ಕಟ್ ಆಯ್ತು ಅಂದ್ಕೊಂಡು ಉಳಿದಿದ್ದನ್ನು ಖರ್ಚು ಮಾಡಿದರೆ ಕಂತು ಬೌನ್ಸ್ ಆಗಿ ದಂಡ ಬೀಳಬಹುದು.

ಗಿರಾಕಿ ತೋರಿಸುವ ಸ್ಕ್ರೀನ್‌ನಲ್ಲಿ 'ಈಸ್ ಬೀಯಿಂಗ್ ಪ್ರೊಸೆಸ್ಡ್' ಇದ್ದರೆ ಸಾಮಾನು ಕೊಡುವ ಮುಂಚೆ ಸ್ವಲ್ಪ ಕಾಯಿರಿ. ವ್ಯಾಕರಣ ಸರಿ ಇದ್ದ ಮಾತ್ರಕ್ಕೆ ಮೆಸೇಜ್ ಅಸಲಿ ಅಂತಲೂ ಅಲ್ಲ. ದುಡ್ಡು ನಿಮ್ಮ ಖಾತೆಗೆ ಬಂದಿದೆಯಾ ಎಂದು ನಿಮ್ಮ ಮೊಬೈಲ್‌ನಲ್ಲೇ ನೋಡಿಕೊಳ್ಳಿ.