ಮರವಜ್ರದ ಹಿಡಿತ

ಕಡೂರು, ತರೀಕೆರೆ, ಅಜ್ಜಂಪುರದ ಸೀಮೆ ಅಮೃತ್ ಮಹಲ್ ದನಗಳಿಗೆ ಹೆಸರಾದದ್ದು. ಹಳೆಯ ಪಿಯಾನೊ, ಹಾರ್ಮೋನಿಯಂಗಳ ಜೋಡಣೆಯನ್ನು ಹಿಡಿದಿಟ್ಟದ್ದೂ ದನದ ಚರ್ಮದಿಂದ ತೆಗೆದ ಅಂಟೇ, ಅಂದರೆ ಮರವಜ್ರ. 6ನೇ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಕೊಂಬು, ಚರ್ಮಗಳಿಂದ ಮಾಡುವ ಲೇಪವನ್ನು ಹೇಳಿದ್ದಾನೆ. ಇಟಲಿಯ ಕ್ರಿಸ್ಟೊಫೊರಿಯ ಪಿಯಾನೊ 1700ರ ದಾಖಲೆಯಲ್ಲಿದೆ.

ಅಂಟಿನ ಹರಳುಗಳನ್ನು ತಣ್ಣೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಬೇಕು. ಕುದಿಸಿದರೆ ಹಿಡಿತ ಕೆಡುತ್ತದೆ. ಒಣಗಿದಾಗ ಬಿಗಿ, ಬಿಸಿ, ತೇವ ತಾಗಿಸಿದರೆ ಮರ ಸೀಳದೆ ಬಿಡುತ್ತದೆ. ಇಂದಿನ ಬಿಳಿ ಅಂಟು ಅಷ್ಟು ಸುಲಭವಾಗಿ ಬಿಡದು.

ಆದ್ದರಿಂದ ದೇವಾಲಯದ ಹಳೆಯ ಹಾರ್ಮೋನಿಯಂ ಬಿರುಕುಬಿಟ್ಟರೆ ಕೈಗೆ ಸಿಕ್ಕ ಅಂಟನ್ನು ಮೆತ್ತಬೇಡಿ. ನಮ್ಮ ನಂತರ ಬರುವವರೂ ಅದನ್ನು ಮುರಿಯದೆ ಬಿಚ್ಚಿ, ಸರಿಪಡಿಸಿ, ನುಡಿಸುವಂತಿರಲಿ.