ಸಿಗರೇಟು ಸೇದದವರ ಕೇಸು

ನಮ್ಮೂರಲ್ಲಿ ಬೀಡಿ ಸೇದೋರಿಗೆ ಬುದ್ಧಿ ಹೇಳೋಕೆ ಹೋದ್ರೆ ಬರೋ ಉತ್ತರ ಒಂದೇ: "ನನ್ನ ದುಡ್ಡು, ನನ್ನ ಎದೆ, ನಿಂಗೇನಾಗಬೇಕು?" ಅಮೆರಿಕದ ತಂಬಾಕು ಕಂಪನಿಗಳು ನಲವತ್ತು ವರ್ಷ ಕೋರ್ಟಿನಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಕ್ಯಾನ್ಸರ್ ಬಂದವರು ಕೇಸು ಹಾಕಿದರೆ, ಸೇದಿದ್ದು ಅವರಿಷ್ಟ, ನಾವೇನು ಬಲವಂತ ಮಾಡಿದ್ವಾ ಅಂತ ವಾದಿಸಿ ಗೆಲ್ಲುತ್ತಿದ್ದವು.

ಈ ವಾದಕ್ಕೆ ಉತ್ತರ ಕಂಡುಕೊಂಡದ್ದು ಮಿಸಿಸಿಪ್ಪಿ ಅನ್ನೋ ಬಡ ರಾಜ್ಯ. ಅಲ್ಲಿನ ಅಟಾರ್ನಿ ಜನರಲ್ ಮೈಕ್ ಮೂರ್, 1952ರಲ್ಲಿ ಪ್ಯಾಸ್ಕಗೂಲಾ ಎಂಬ ಕರಾವಳಿ ಊರಿನಲ್ಲಿ ಹುಟ್ಟಿದವನು. 1988ರಲ್ಲಿ ಅಧಿಕಾರ ವಹಿಸಿಕೊಂಡಾಗ ವಯಸ್ಸು ಮೂವತ್ತೈದು. ಕಾನೂನು ಕಾಲೇಜಿನ ಸಹಪಾಠಿ ಮೈಕ್ ಲೂಯಿಸ್ ಅವನಿಗೊಂದು ಐಡಿಯಾ ತಂದುಕೊಟ್ಟ. ಸೇದಿದವನು ಕೇಸು ಹಾಕೋದು ಬೇಡ, ರಾಜ್ಯವೇ ಹಾಕಲಿ. ರಾಜ್ಯ ಯಾವತ್ತೂ ಸಿಗರೇಟು ಸೇದಿಲ್ಲ. ಆದರೆ ಬಡವರ ಆಸ್ಪತ್ರೆ ಖರ್ಚು ನೋಡಿಕೊಳ್ಳೋ ಮೆಡಿಕೇಡ್ ಯೋಜನೆಯಲ್ಲಿ ಬಿಲ್ ಕಟ್ಟೋದು ಸರ್ಕಾರ ತಾನೇ? "ನಿಂಗೇನಾಗಬೇಕು" ಅನ್ನೋ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು: ಬಿಲ್ ನನ್ನದು.

1994ರ ಮೇ 23ರಂದು ಮೂರ್ ತನ್ನೂರಿನ ಕೋರ್ಟಿನಲ್ಲೇ ದಾವೆ ಹೂಡಿದ. ಅಡ್ಡಗಾಲು ಹಾಕಿದ್ದು ಕಂಪನಿಗಳಷ್ಟೇ ಅಲ್ಲ, ಸ್ವಂತ ರಾಜ್ಯದ ಗವರ್ನರ್ ಕರ್ಕ್ ಫೋರ್ಡೈಸ್ ಕೂಡ. ಮೆಡಿಕೇಡ್ ನನ್ನ ಕೈಕೆಳಗಿದೆ, ನನ್ನ ಒಪ್ಪಿಗೆ ಇಲ್ಲದೆ ಈ ಕೇಸು ನಡೆಯಕೂಡದು ಅಂತ ಆತ 1996ರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿಗೇ ಹೋದ. ಕೋರ್ಟು ಕೇಸನ್ನು ನಿಲ್ಲಿಸಲಿಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ನಮ್ಮ ರಾಜ್ಯಗಳ ಅಡ್ವೊಕೇಟ್ ಜನರಲ್ ಸಂವಿಧಾನದ 165ನೇ ವಿಧಿಯಂತೆ ರಾಜ್ಯಪಾಲರಿಂದ ನೇಮಕವಾದವರು, ಅಂದ್ರೆ ಸರ್ಕಾರ ಆರಿಸಿದವರು. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲು. ಅಮೆರಿಕದ 43 ರಾಜ್ಯಗಳಲ್ಲಿ ಅಟಾರ್ನಿ ಜನರಲ್‌ಗೆ ಜನರೇ ನೇರವಾಗಿ ಓಟು ಹಾಕ್ತಾರೆ. ಮೂರ್ ಕೂಡ ಹಾಗೇ ಗೆದ್ದು ಬಂದವನು. ಅದಕ್ಕೇ ಗವರ್ನರ್ ಸಿಟ್ಟಾದರೂ ಅವನನ್ನು ಕುರ್ಚಿಯಿಂದ ಇಳಿಸೋಕಾಗಲಿಲ್ಲ.

1997ರ ಜುಲೈ 3ರಂದು, ವಿಚಾರಣೆ ಶುರುವಾಗೋ ಮುಂಚೆಯೇ ಕಂಪನಿಗಳು ರಾಜಿಗೆ ಬಂದವು. ಮಿಸಿಸಿಪ್ಪಿಗೆ ಸುಮಾರು 336 ಕೋಟಿ ಡಾಲರ್. ಅಷ್ಟರಲ್ಲಿ ಬೇರೆ ರಾಜ್ಯಗಳೂ ಇದೇ ದಾರಿ ಹಿಡಿದಿದ್ದವು. 1998ರ ನವೆಂಬರ್‌ನಲ್ಲಿ 46 ರಾಜ್ಯಗಳ ಜೊತೆ ದೊಡ್ಡ ಒಪ್ಪಂದವಾಯಿತು. 25 ವರ್ಷದಲ್ಲಿ ಸುಮಾರು 20,600 ಕೋಟಿ ಡಾಲರ್ ಕೊಡಬೇಕು, ಜಾಹೀರಾತಿನಲ್ಲಿ ಕಾರ್ಟೂನ್ ಬಳಸಬಾರದು, ರಸ್ತೆ ಬದಿಯ ದೊಡ್ಡ ಸಿಗರೇಟು ಫಲಕಗಳು ಇಳಿಯಬೇಕು. 1999ರಲ್ಲಿ ಬಂದ 'ದಿ ಇನ್‌ಸೈಡರ್' ಸಿನಿಮಾದಲ್ಲಿ ಮೂರ್ ತನ್ನ ಪಾತ್ರವನ್ನು ತಾನೇ ಮಾಡಿದ.

ಸಿನಿಮಾ ಆದಮೇಲಿನ ಕಥೆ ಅಷ್ಟು ಚೆನ್ನಾಗಿಲ್ಲ. ಬಂದ ಹಣಕ್ಕೆ ಮಿಸಿಸಿಪ್ಪಿ ಒಂದು ಆರೋಗ್ಯ ನಿಧಿ ಮಾಡಿತ್ತು. ಅಸಲು ಹಾಗೇ ಇರಲಿ, ಅದರ ಆದಾಯ ಖರ್ಚಾಗಲಿ ಅನ್ನೋದು ಲೆಕ್ಕಾಚಾರ. ಆದರೆ ಬಜೆಟ್ಟಿನ ತೂತು ಮುಚ್ಚೋಕೆ ಶಾಸಕರು ಅಸಲಿಗೇ ಕೈ ಹಾಕಿದರು. ಬೇರೆ ಎಷ್ಟೋ ರಾಜ್ಯಗಳಲ್ಲೂ ಧೂಮಪಾನ ಬಿಡಿಸೋ ಕೆಲಸಕ್ಕೆ ಸಿಕ್ಕಿದ್ದು ಪುಡಿಗಾಸು.

ಮೂರ್ 2004ರಲ್ಲಿ ಹುದ್ದೆ ಬಿಟ್ಟ. ಮುಂದೆ ಖಾಸಗಿ ವಕೀಲನಾಗಿ, ಜನರನ್ನು ಚಟಕ್ಕೆ ಬೀಳಿಸಿದ ಒಪಿಯಾಯ್ಡ್ ನೋವಿನ ಮಾತ್ರೆಗಳ ಕಂಪನಿಗಳ ವಿರುದ್ಧದ ಕೇಸುಗಳಲ್ಲೂ ದುಡಿದ. 2022ರಲ್ಲಿ ಅಂಥ ನಾಲ್ಕು ಕಂಪನಿಗಳ ಜೊತೆ ಸುಮಾರು 2,600 ಕೋಟಿ ಡಾಲರ್ ಒಪ್ಪಂದ ಅಂತಿಮವಾಯಿತು. ಅದರಲ್ಲಿ ಹಣದ ಕನಿಷ್ಠ 85% ಭಾಗ ಆ ಪಿಡುಗನ್ನು ತಗ್ಗಿಸೋಕೇ ಹೋಗಬೇಕು ಅನ್ನೋ ಷರತ್ತನ್ನು ಬರೆದೇ ಇಟ್ಟರು. ತಂಬಾಕಿನ ದುಡ್ಡು ಎಲ್ಲಿ ಹೋಯ್ತು ಅನ್ನೋದನ್ನ ಈ ಸಲ ಯಾರೂ ಮರೆತಿರಲಿಲ್ಲ.